ಟಕ್ ಸದ್ದಿನ ಗಾಡಿಯವನ ಉತ್ತರ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಮಂಡ್ಯದ ಒಬ್ಬರು ಬರೆದಿದ್ದನ್ನು ಓದಿದೆ. ಬೆಳಗಿನ ಜಾವ ಅವರ ಮನೆ ಮುಂದೆ ಸರಕು ಗಾಡಿಗಳು ಟಕಟಕ, ಲಟಲಟ ಅಂತ ಸದ್ದು ಮಾಡಿಕೊಂಡು ಹೋಗುತ್ತವಂತೆ. ಚಾಲಕರ ಉದಾಸೀನವೇ ಇದಕ್ಕೆ ಕಾರಣವಂತೆ. ಅಂಥ ಗಾಡಿ ಹಿಡಿದು ದಂಡ ಹಾಕಬೇಕಂತೆ. ನಿದ್ದೆ ಕೆಟ್ಟವರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಆ ಗಾಡಿಗಳಲ್ಲಿ ಒಂದು ನನ್ನದೇ ಇರಬಹುದು. ಅದಕ್ಕೇ ಈ ಪತ್ರ. ಉದ್ದವಾಯಿತು ಅಂತ ಕತ್ತರಿ ಹಾಕಬೇಡಿ. ಬೇಕಾದರೆ ಎರಡು ದಿನ ಹಾಕಿ.

ನಾನು ಮದ್ದೂರು ತಾಲ್ಲೂಕು ಕೊಪ್ಪ ಹೋಬಳಿಯವನು. ವಯಸ್ಸು 56. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಕಾಯಿ ತುಂಬಿಕೊಂಡು ಮಂಡ್ಯಕ್ಕೆ ಅರ್ಧ, ಮೈಸೂರಿಗೆ ಅರ್ಧ ಇಳಿಸುತ್ತೇನೆ. ಗಾಡಿ 2014ರ ಮಾಡೆಲ್ ಬಿಳಿ ಪಿಕಪ್. ಇದುವರೆಗೆ 2 ಲಕ್ಷ 38 ಸಾವಿರ ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದಲ್ಲ.

ಸದ್ದು ಶುರುವಾಗಿದ್ದು ಯುಗಾದಿ ಕಳೆದ ಮೇಲೆ, ಏಪ್ರಿಲ್‌ನಲ್ಲಿ. ಎಳನೀರಿಗೆ ಅದೇ ಸುಗ್ಗಿ ಕಾಲ. ಗಾಡಿ ಒಂದು ದಿನ ನಿಂತರೂ ನಷ್ಟ. ಸದ್ದು ಅಂದರೆ ಒಂದೇ ಒಂದು ಸದ್ದು. ಟಕ್. ಲಟಲಟ ಅಲ್ಲ, ಗಡಗಡ ಅಲ್ಲ. ಗಾಡಿ ಕೆಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಒಂದೇ ಏಟು ಹಾಕಿದ ಹಾಗೆ. ಅದೂ ನನ್ನ ಕ್ಲಚ್ ಕಾಲಿನ ಅಡಿಯಲ್ಲೇ. ಹಂಪು ಬಂದರೆ ಒಂದು ಟಕ್. ಹಂಪು ದಾಟಿದರೆ ಇನ್ನೊಂದು ಟಕ್. ಒಂದು ವಾರದಲ್ಲಿ ನಮ್ಮೂರ ಟೀ ಅಂಗಡಿಯವನು ಗಾಡಿ ಕಾಣುವ ಮೊದಲೇ ಲೋಟ ತೊಳೆದಿಡಲು ಶುರು ಮಾಡಿದ.

ಮೊದಲು ಕಾಯಿಗಳ ಮೇಲೇ ಅನುಮಾನ ಬಂತು. 700 ಕಾಯಿ ತುಂಬಿದರೆ ಮೇಲಿನ ಸಾಲು ಅಲುಗಾಡುತ್ತದೆ. ಒಂದೊಂದೂ ಒಂದೂವರೆ ಎರಡು ಕೆಜಿ ತೂಗುವ ಮಾಲು. ಬ್ರೇಕ್ ಹಾಕಿದರೆ ಉರುಳಿ ಬಂದು ತಗಡಿಗೆ ಬಡಿಯುತ್ತದೆ. ಟಾರ್ಪಾಲು ಬಿಗಿಯಾಗಿ ಕಟ್ಟಿದೆ, ಮಧ್ಯೆ ತೆಂಗಿನ ಗರಿ ತುರುಕಿದೆ. ಆದರೆ ಸಂಜೆ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗಲೂ ಟಕ್! ಅಲ್ಲಿಗೆ ಕಾಯಿಗಳನ್ನು ಬಿಟ್ಟೆ.

ಆಮೇಲೆ ಸೀಟಿನ ಹಿಂದಿನ ಜಾಕಿ, ಪಾನಾ. ಅವನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿ ಮನೆಯಲ್ಲಿಟ್ಟೆ. ಸದ್ದು ಹೋಗಲಿಲ್ಲ. ಹಿಂದೆ ಕೆಳಗೆ ನೇತಾಡುವ ಸ್ಟೆಪ್ನಿಯನ್ನೂ ಬಿಚ್ಚಿ ಮನೆಯಲ್ಲಿಟ್ಟೆ. ಮೂರನೇ ದಿನ ಗೆಜ್ಜಲಗೆರೆ ಹತ್ತಿರ ಪಂಚರ್. ಜಾಕಿ ಮನೆಯಲ್ಲಿ, ಸ್ಟೆಪ್ನಿ ಮನೆಯಲ್ಲಿ, ನಾನು ರಸ್ತೆಯಲ್ಲಿ. ತಮ್ಮನ ಮಗ ಬೈಕಿನ ಹಿಂದೆ ಸ್ಟೆಪ್ನಿ ಕಟ್ಟಿಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಅವತ್ತು ಮೈಸೂರಿನ ಅಂಗಡಿಯವರು ಬೇರೆಯವರ ಹತ್ತಿರ ಕಾಯಿ ಇಳಿಸಿಕೊಂಡರು. ಉದಾಸೀನದ ಚಾಲಕ ಇಷ್ಟೆಲ್ಲ ಮಾಡುತ್ತಾನಾ ಸ್ವಾಮಿ?

ನಂತರ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಗಾಡಿಯನ್ನು ಲಿಫ್ಟಿನಲ್ಲಿ ಮೇಲಕ್ಕೆತ್ತಿದರು. ಹುಡುಗ ಒಂದು ಉದ್ದ ಲಿವರ್ ತಗೊಂಡು ಅಲ್ಲಿ ಇಲ್ಲಿ ಮೀಟಿ ನೋಡಿದ. 'ಹಂಪಲ್ಲಿ ಸದ್ದು ಅಂದ್ರೆ ಬುಷ್ಷೇ ಸಾರ್' ಅಂದ. ಬುಷ್ಷು ಅಂದರೆ ಕೀಲುಗಳೊಳಗೆ ಕೂರುವ ಬಳೆ. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ, ಅಂದರೆ ಹಿಂದಿನ ಪ್ಲೇಟ್ ಸೆಟ್ಟಿನ ಬುಷ್ಷು, ಶ್ಯಾಕಲ್ ಪಿನ್ನು, ಎರಡು ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. 11,400 ರೂಪಾಯಿ. ಗೇಟು ದಾಟಿ ರಸ್ತೆಗೆ ಇಳಿಯುವಾಗಲೇ ಟಕ್ ಅಂತು. ವಾಪಸ್ ಹೋದೆ. ಎರಡನೇ ಸಲ ಇಂಜಿನ್ ಮೌಂಟಿಂಗ್, ಗೇರ್‌ಬಾಕ್ಸ್ ಮೌಂಟಿಂಗ್. 3,800 ರೂಪಾಯಿ. ಟಕ್. ಮೂರನೇ ಸಲ ಹೋದಾಗ ಹಿಂದಿನ ಚಕ್ರಗಳ ನಡುವಿನ ಹೌಸಿಂಗ್ ಬಿಚ್ಚಬೇಕು, ಅದರೊಳಗಿನ ಹಲ್ಲುಚಕ್ರಗಳು, ಅಂದರೆ ಕ್ರೌನ್ ಪಿನಿಯನ್, ಹೋಗಿರುತ್ತೆ, 28 ಸಾವಿರ ಆಗುತ್ತೆ ಅಂದರು. ಹೋಗಿದೆ ಅನ್ನಲಿಲ್ಲ, ಹೋಗಿರುತ್ತೆ ಅಂದರು. ಈ 'ಇರುತ್ತೆ'ಗೆ 28 ಸಾವಿರ ಕೊಡಲು ನನಗೆ ಮನಸ್ಸಾಗಲಿಲ್ಲ.

ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಮೂರು ಸಲದಲ್ಲಿ ಒಬ್ಬರೂ ನನ್ನ ಜೊತೆ ಗಾಡಿ ಹತ್ತಿ ಒಂದು ಕಿಲೋಮೀಟರ್ ಬರಲಿಲ್ಲ ಅನ್ನುವುದಷ್ಟೇ ನನ್ನ ದೂರು. ಲಿಫ್ಟಿನಲ್ಲಿ ಎತ್ತಿದರೆ ಚಕ್ರಗಳು ಕೆಳಕ್ಕೆ ಜೋತುಬೀಳುತ್ತವೆ. ಪ್ಲೇಟುಗಳ ಮೇಲೆ ಭಾರವೇ ಇರುವುದಿಲ್ಲ. ನೆಲದ ಮೇಲೆ ಓಡುವಾಗ ಬರುವ ಕಾಯಿಲೆ, ಗಾಳಿಯಲ್ಲಿ ತೂಗಾಡುವ ಗಾಡಿಯಲ್ಲಿ ಸಿಗುತ್ತದಾ?

ಹಂಪಿನ ವಿಷಯ ಬಂತಲ್ಲ, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಹಂಪಿಗೂ ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವ ಹಾಗಿರಬೇಕು. ನಮ್ಮ ದಾರಿಯ ಒಂದು ಹಂಪಿಗೆ ಟೇಪು ಹಿಡಿದೆ. ಅಗಲ ಎರಡು ಅಡಿ, ಎತ್ತರ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಅದು ಹಂಪಲ್ಲ, ಗದ್ದೆ ಬದು. ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಪತ್ರ ಬರೆದವರು ದಂಡದ ಜೊತೆ ಇದನ್ನೂ ಒಂದು ಸಾಲು ಸೇರಿಸಿದ್ದರೆ ಚೆನ್ನಾಗಿತ್ತು. ಇರಲಿ, ನನ್ನ ಗಾಡಿಯ ಸದ್ದಿಗೂ ಹಂಪಿಗೂ ಏನು ಸಂಬಂಧ ಅನ್ನುವುದು ಮುಂದೆ ಬರುತ್ತದೆ.

ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಾಳೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದಳು. 'ಮಾವ, ಸದ್ದು ನಿನ್ನ ಕಾಲ ಕೆಳಗೆ ಕೇಳಿದ್ರೆ ಅಲ್ಲೇ ಇದೆ ಅಂತ ಅಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದ್ರೆ ಉಕ್ಕಿನಲ್ಲಿ 5 ಸಾವಿರ ಮೀಟರಿಗೂ ಜಾಸ್ತಿ ಹೋಗ್ತದೆ' ಅಂದಳು. ನನಗೆ ನಂಬಿಕೆ ಬರಲಿಲ್ಲ. ಹಿತ್ತಲ ಕಬ್ಬಿಣದ ಗೇಟಿಗೆ ಕಿವಿ ಇಡಿಸಿ, ಆ ತುದಿಯಲ್ಲಿ ಬಳೆಯಿಂದ ಮೆಲ್ಲಗೆ ತಟ್ಟಿದಳು. ಪಕ್ಕದಲ್ಲೇ ತಟ್ಟಿದಂತೆ ಕೇಳಿತು. ನನ್ನ ಗಾಡಿಯ ಚಾಸಿಯೂ ಅಂಥದೇ ಎರಡು ಉದ್ದ ಕಬ್ಬಿಣ ತಾನೇ? ಹಿಂದೆ ಎಲ್ಲಿ ಬಡಿದರೂ ಮುಂದೆ ನನ್ನ ಕಾಲಿಗೆ ಬರುತ್ತದೆ. ಮೂರು ವಾರ ನಾನು ಕ್ಯಾಬಿನ್ ಕೆಳಗೇ ಟಾರ್ಚು ಬಿಟ್ಟು ಹುಡುಕಿದ್ದು ದಂಡ.

ಅವಳು ಎರಡು ಮೊಬೈಲನ್ನು ಗಾಡಿ ಕೆಳಗೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದಳು, ಒಂದು ಮುಂದೆ, ಒಂದು ಹಿಂದೆ. ರೆಕಾರ್ಡ್ ಹಾಕಿ ಊರಿಗೆ ಒಂದು ಸುತ್ತು ಹೊಡೆದೆವು. ಮನೆಗೆ ಬಂದು ಕೇಳಿದರೆ ಬರೀ ಗಾಳಿ, ಕಲ್ಲು, ಒಂದು ನಾಯಿ. ಆದರೂ ಒಂದು ವಿಷಯ ಸಿಕ್ಕಿತು. ಟಕ್ ಅನ್ನುವುದು ಹಿಂದಿನ ಮೊಬೈಲಿನಲ್ಲಿ ಜಾಸ್ತಿ ಜೋರು.

ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ, ಸದ್ದು ತಾನೇ ಅಂತ ಕೆಲವರು ಅಂದರು. ನಾನು ಓಡಾಡುವ ದಾರಿಗಳಲ್ಲಿ ನಾಲೆ ಏರಿಯೂ ಇದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದ ಶಾಫ್ಟು ಗಾಡಿ ಕೆಳಗಿದೆ, ಅದರ ಕೀಲು, ಅಂದರೆ ಕ್ರಾಸು, ಮುರಿದರೆ ಶಾಫ್ಟು ಕಳಚಿ ರಸ್ತೆಗೆ ಚುಚ್ಚಿಕೊಳ್ಳಬಹುದು. ಆಕ್ಸಲನ್ನು ಪ್ಲೇಟಿಗೆ ಬಿಗಿದ ಯು ಬೋಲ್ಟು ಸಡಿಲವಾದರೆ ಹಿಂದಿನ ಆಕ್ಸಲ್ಲೇ ಜಾಗ ಬಿಟ್ಟು ಸರಿಯಬಹುದು. ನಾಲೆ ಪಕ್ಕ ಹೋಗುವಾಗ ಟಕ್ ಅಂದರೆ ನನ್ನ ಬೆನ್ನಲ್ಲಿ ನೀರಿಳಿಯುತ್ತಿತ್ತು. ಎಷ್ಟೋ ದಿನ ನಾಲ್ಕು ಕಿಲೋಮೀಟರ್ ಸುತ್ತಾದರೂ ಸರಿ ಅಂತ ಬೇರೆ ದಾರಿ ಹಿಡಿದೆ.

ಜುಲೈನಲ್ಲಿ ಒಬ್ಬ ಲಾರಿ ಡ್ರೈವರ್ ಮಳವಳ್ಳಿ ರಸ್ತೆಯ ಒಬ್ಬ ಸಾಬರ ಹತ್ತಿರ ಹೋಗು ಅಂದ. ಬೋರ್ಡಿಲ್ಲ, ಲಿಫ್ಟಿಲ್ಲ, ಹುಣಸೆ ಮರದ ಕೆಳಗೆ ಒಂದು ಶೆಡ್ಡು. ಎಪ್ಪತ್ತರ ಹತ್ತಿರದ ಮನುಷ್ಯ. ಅವರು ಅರ್ಧ ಗಂಟೆ ಸ್ಪ್ಯಾನರ್ ಮುಟ್ಟಲಿಲ್ಲ. ಬರೀ ಕೇಳಿದರು.

'ಗೌಡ್ರೇ, ಸದ್ದು ಹಂಪಿನ ಮೇಲೆ ಬರ್ತದೋ, ಹಂಪಿಗೆ ಮುಂಚೆ ಬರ್ತದೋ?'

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮೂರು ತಿಂಗಳಿಂದ ಆ ಸದ್ದನ್ನು ಕೇಳುತ್ತಿದ್ದೇನೆ, ಇದನ್ನು ಗಮನಿಸಿಯೇ ಇಲ್ಲ.

'ಹೋಗಿ ನೋಡ್ಕಂಡು ಬನ್ನಿ' ಅಂದರು.

ಹೋದೆ. ಹಂಪಿಗೆ ಮೂರು ಮಾರು ಮುಂಚೆ, ಬ್ರೇಕ್ ತುಳಿದು ಗಾಡಿ ಇನ್ನೇನು ನಿಲ್ಲುತ್ತದೆ ಅನ್ನುವಾಗ ಟಕ್. ಹಂಪಿನ ಮೇಲೆ ಚಕ್ರ ಹತ್ತಿ ಇಳಿಯುವಾಗ ಏನೂ ಇಲ್ಲ. ಹಂಪು ದಾಟಿ ಕ್ಲಚ್ ಬಿಡುವಾಗ ಮತ್ತೆ ಟಕ್. ವಾಪಸ್ ಬಂದು ಹೇಳಿದೆ. ಈಗ ಹಂಪೇ ಇಲ್ಲದ ಕಡೆ ನಿಲ್ಲಿಸಿ ಹೊರಡಿ ಅಂದರು. ಸಮನಾದ ರಸ್ತೆಯಲ್ಲಿ ನಿಲ್ಲಿಸಿದೆ, ಟಕ್. ಹೊರಟೆ, ಟಕ್. ಮೈಸೂರಿನ ಒಳಗೆ ಸಿಗ್ನಲ್ ಸಿಗ್ನಲ್‌ಗೂ ಸದ್ದು ಬರುತ್ತಿತ್ತಲ್ಲ, ಅದು ಆಗ ನೆನಪಾಯಿತು. ನಾನು ಅದನ್ನು ಅಲ್ಲಿನ ಗುಂಡಿಗಳ ಲೆಕ್ಕಕ್ಕೆ ಬರೆದಿದ್ದೆ.

'ಹಂಗಾದ್ರೆ ಹಂಪಿಗೂ ಇದಕ್ಕೂ ಸಂಬಂಧ ಇಲ್ಲ. ಹಂಪು ಬಂದ್ರೆ ನೀವು ಬ್ರೇಕ್ ಹಾಕ್ತೀರಿ, ಅಷ್ಟೇಯ' ಅಂದರು ಸಾಬರು. ನನ್ನ 11,400 ರೂಪಾಯಿ ಕಣ್ಣ ಮುಂದೆ ಬಂತು.

ಆಮೇಲೆ ಅವರು ಮಾಡಿದ ಪರೀಕ್ಷೆಯನ್ನು ನಾನು ಎಲ್ಲೂ ನೋಡಿರಲಿಲ್ಲ. ಶೆಡ್ಡಿನ ಮುಂದೆ ಸ್ವಲ್ಪ ಇಳಿಜಾರಿದೆ. ಗಾಡಿಯನ್ನು ಅಲ್ಲಿ ತಂದು, ಇಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲಿ ಬಿಟ್ಟರು. ಹ್ಯಾಂಡ್‌ಬ್ರೇಕ್ ಹಾಕಲಿಲ್ಲ. ಚಕ್ರದ ಮುಂದೆ ಒಂದು ಬೆರಳು ಜಾಗ ಬಿಟ್ಟು ದಪ್ಪ ಕಲ್ಲು ಇಟ್ಟರು. ಈಗ ಗಾಡಿಯ ಭಾರವೆಲ್ಲ ಶಾಫ್ಟನ್ನು ತಿರುಚಿ ಹಿಡಿದಿದೆ ಅಂತ ಲೆಕ್ಕ. ನಾಲ್ಕು ಹುಡುಗರನ್ನು ಕರೆದು ಹಿಂದಿನ ಬಾಡಿಗೆ ಒಟ್ಟಿಗೆ ಹತ್ತಿ, ಒಟ್ಟಿಗೆ ಇಳಿಯಿರಿ ಅಂದರು. ತಾವು ಗೋಣಿಚೀಲ ಹಾಸಿ ಕೆಳಗೆ ಮಲಗಿ, ಶಾಫ್ಟಿನ ಮೇಲೆ ಅಂಗೈ ಇಟ್ಟರು. ಹುಡುಗರು ಎರಡನೇ ಸಲ ಹತ್ತಿದಾಗ ಟಕ್ ಅಂತು. ಕೆಳಗಿನಿಂದ ದನಿ ಬಂತು: 'ಕೈಗೆ ಬಂತು ಕಣ್ರೀ!'

ಕಿವಿಗೆ ಸಿಗದ ಜಾಗ ಕೈಗೆ ಸಿಕ್ಕಿತು. ನನ್ನನ್ನೂ ಮಲಗಿಸಿ ಕೈ ಇಡಿಸಿದರು. ಮುಂದೆ ಗೇರ್‌ಬಾಕ್ಸ್ ಹತ್ತಿರ ಇಟ್ಟರೆ ಬರೀ ನಡುಕ. ಹಿಂದಿನ ಹೌಸಿಂಗ್ ಮೇಲೆ ಇಟ್ಟರೂ ಅಷ್ಟೇ. ಶಾಫ್ಟಿನ ಒಂದು ತುಂಡು ಇನ್ನೊಂದರೊಳಗೆ ಜಾರುವ ಜಾಗದಲ್ಲಿ ಮಾತ್ರ ಚಿಟಿಕೆ ಹೊಡೆದಂಥ ಏಟು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಿಕಪ್ಪಿನ ಹಿಂದಿನ ಚಕ್ರಗಳು ಪ್ಲೇಟುಗಳ ಆಧಾರದಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ಭಾರ ಬಿದ್ದು ಪ್ಲೇಟು ಚಪ್ಪಟೆಯಾದರೆ ಅದರ ಉದ್ದ ಬದಲಾಗುತ್ತದೆ, ಆಕ್ಸಲ್ ಸ್ವಲ್ಪ ಸರಿಯುತ್ತದೆ. ಬ್ರೇಕ್ ಹಾಕಿದಾಗ, ಹೊರಟಾಗ ಆಕ್ಸಲ್ ಕೊಂಚ ತಿರುಚಿಕೊಳ್ಳುತ್ತದೆ ಕೂಡ. ಆದರೆ ಗೇರ್‌ಬಾಕ್ಸ್ ಇದ್ದಲ್ಲೇ ಇರುತ್ತದೆ. ಹಾಗಾಗಿ ನಡುವಿನ ಶಾಫ್ಟು ಅಷ್ಟಷ್ಟಕ್ಕೆ ಉದ್ದ ಗಿಡ್ಡ ಆಗಲೇಬೇಕು. ಅದಕ್ಕಾಗಿ ಮಡಚುವ ಛತ್ರಿಯ ಕೋಲಿನ ಹಾಗೆ ಒಂದರೊಳಗೊಂದು ಜಾರುವ ವ್ಯವಸ್ಥೆ ಇದೆ. ಸುತ್ತುವಾಗ ಜಾರಿಹೋಗದಂತೆ ಒಳಗೆ ಉದ್ದುದ್ದ ಹಲ್ಲುಗಳು. ಆ ಹಲ್ಲಿಗೆ ಗ್ರೀಸು ಬೇಕು. ಗ್ರೀಸು ಒಣಗಿದರೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಒತ್ತಡ ಜಾಸ್ತಿಯಾದಾಗ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಆ ಬಿಟ್ಟುಕೊಳ್ಳುವುದೇ ಟಕ್.

ಬಿಚ್ಚುವ ಮೊದಲು ಸಾಬರು ಎರಡೂ ತುಂಡಿನ ಮೇಲೆ ಉಳಿಯಿಂದ ಗುರುತು ಹಾಕಿದರು. ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೆ ಎರಡು ಕ್ರಾಸುಗಳ ಹೊಂದಾಣಿಕೆ ತಪ್ಪಿ, ವೇಗಕ್ಕೆ ಗಾಡಿಯೆಲ್ಲ ನಡುಗುತ್ತದಂತೆ. ಇಂಥ ಗುರುತು ಹಾಕದೇ ಬಿಚ್ಚಿದ ಗಾಡಿಗಳು ತಮ್ಮ ಹತ್ತಿರ ಎಷ್ಟೋ ಬಂದಿವೆ ಅಂದರು. ಕ್ರಾಸುಗಳನ್ನೂ ಕೈಯಲ್ಲಿ ತಿರುಗಿಸಿ ನೋಡಿದರು, ಆಟ ಇರಲಿಲ್ಲ. ಒಳಗಿನ ಗ್ರೀಸು ಹಳೇ ಹುಣಸೆಹಣ್ಣಿನ ಹಾಗೆ ಕರ್ರಗೆ ಗಟ್ಟಿಯಾಗಿ ಕೂತಿತ್ತು. ಡೀಸೆಲಿನಲ್ಲಿ ತೊಳೆದರು. ಹಲ್ಲು ಸ್ವಲ್ಪ ಸವೆದಿದೆ, ಇನ್ನೂ ಓಡುತ್ತದೆ ಅಂದರು.

ಈಗ ನಾನು ತಲೆ ತಗ್ಗಿಸಬೇಕಾದ ಭಾಗ. ಆ ಜಾಗಕ್ಕೆ ಗ್ರೀಸು ಹಾಕಲೆಂದೇ ಒಂದು ನಿಪ್ಪಲ್, ಅಂದರೆ ಸಣ್ಣ ಮೂತಿ, ಇದೆ. ನಾನು ಸರ್ವಿಸ್ ತಪ್ಪಿಸಿದವನಲ್ಲ. ಪ್ರತಿ ಸಲ ನೀರು ಹೊಡೆಸಿ ಗ್ರೀಸು ಹೊಡೆಸಿದ್ದೇನೆ. ಹಾಗಾದರೆ ಒಳಗೆ ಹೋಗಲಿಲ್ಲ ಯಾಕೆ? ಸಾಬರು ನಿಪ್ಪಲನ್ನು ಉಗುರಿನಿಂದ ಕೆರೆದು ತೋರಿಸಿದರು. ಮೇಲೆ ಕರಿ ಪೇಂಟು.

ಜನವರಿಯಲ್ಲಿ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿನ ತಪಾಸಣೆ, ಇತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ಮುಂಚೆ ಗಾಡಿ ಕೆಳಗೆಲ್ಲ ಕರಿ ಪೇಂಟ್ ಹೊಡೆಸುವುದು ನಮ್ಮ ಕಡೆ ರೂಢಿ. ನೋಡಲು ಹೊಸದಾಗಿ ಕಾಣಲಿ ಅಂತ. ನಾನೇ 1,500 ರೂಪಾಯಿ ಕೊಟ್ಟು ಸ್ಪ್ರೇ ಮಾಡಿಸಿದ್ದೆ. ಆ ಪೇಂಟು ನಿಪ್ಪಲಿನ ಬಾಯಿ ಮುಚ್ಚಿಬಿಟ್ಟಿದೆ. ಅಲ್ಲಿಂದ ಮುಂದೆ ಗ್ರೀಸ್ ಗನ್ ಹಿಡಿದ ಹುಡುಗ ಒತ್ತಿದಾಗಲೆಲ್ಲ ಗ್ರೀಸು ಒಳಗೆ ಹೋಗದೆ ಪಕ್ಕಕ್ಕೆ ಮೆತ್ತಿಕೊಂಡಿದೆ. ನೋಡಿದವರಿಗೆ ಗ್ರೀಸು ಹೊಡೆದ ಹಾಗೇ ಕಂಡಿದೆ. ಜನವರಿಯ ಪೇಂಟು, ಏಪ್ರಿಲ್ಲಿನ ಟಕ್. ಗಾಡಿ ಚೆನ್ನಾಗಿದೆ ಅಂತ ತೋರಿಸಲು ಮಾಡಿದ ಕೆಲಸವೇ ಗಾಡಿಯನ್ನು ಕೆಡಿಸಿತು.

ನಮ್ಮಪ್ಪನಿಗೆ ಎತ್ತಿನ ಗಾಡಿ ಇತ್ತು. ಅಚ್ಚಿಗೆ ಹಾಕಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಯಾವಾಗಲೂ ಗಾಡಿಯಲ್ಲೇ ನೇತಾಡುತ್ತಿತ್ತು. ಚಕ್ರ ಕಳಚಿ, ಕೈಯಿಂದಲೇ ಬಳಿಯುತ್ತಿದ್ದರು. ಎಣ್ಣೆ ಒಳಗೆ ಹೋಯಿತೋ ಇಲ್ಲವೋ ಅನ್ನುವ ಪ್ರಶ್ನೆಯೇ ಇರಲಿಲ್ಲ. ನಾನೋ, ಬಿಲ್ಲಿನಲ್ಲಿ 'ಗ್ರೀಸಿಂಗ್' ಅಂತ ಬರೆದಿದೆಯಲ್ಲ ಅಂತ ಸುಮ್ನಿದ್ದೆ.

ಹೊಸ ನಿಪ್ಪಲ್‌ಗೆ 20 ರೂಪಾಯಿ, ಕೂಲಿ 300. ಐನೂರು ಕೊಟ್ಟೆ. 'ಚಿಲ್ಲರೆ ಇಲ್ಲ, ಟೀ ತರಿಸ್ತೀನಿ' ಅಂದು ಹುಡುಗರಿಗೂ ಸೇರಿಸಿ ಟೀ, ಬನ್ನು ತರಿಸಿದರು. ಅವತ್ತು ಹುಣಸೆ ಮರದಿಂದ ಮದ್ದೂರಿನವರೆಗೆ ರೇಡಿಯೋ ಹಾಕದೆ ಬಂದೆ. ಹೊರಡುವಾಗ ಒಂದು ಸಣ್ಣ ಟಿಕ್ ಈಗಲೂ ಇದೆ. ಸಾಬರು ಮೊದಲೇ ಹೇಳಿದ್ದರು, ಅದು ಸವೆದ ಹಲ್ಲಿನದು, ಇರ್ತದೆ ಅಂತ. ಆ ಸದ್ದು ಮಲಗಿದವರನ್ನು ಎಬ್ಬಿಸುವಷ್ಟಿಲ್ಲ.

ಹಾಗಾಗಿ ಆ ಪತ್ರ ಬರೆದ ಮಂಡ್ಯದವರಿಗೆ ನನ್ನ ಮಾತು ಇಷ್ಟು. ನನ್ನ ಕಡೆ ತಪ್ಪಿರಲಿಲ್ಲ ಅಂತ ಹೇಳುತ್ತಿಲ್ಲ, ತಪ್ಪು ಯಾವುದು ಅಂತ ಹೇಳಿದೆ. ಆದರೆ ಮೇ ತಿಂಗಳಲ್ಲಿ ನನ್ನನ್ನು ಹಿಡಿದು ದಂಡ ಹಾಕಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಸದ್ದು ಹೊರಗೆ ಕೇಳದ ಹಾಗೆ ಎಲ್ಲೋ ಒಂದಷ್ಟು ಟೈರ್ ರಬ್ಬರ್ ತುರುಕುತ್ತಿದ್ದೆ. ಹಾಗೆ ಮಾಡಿದವರನ್ನು ನೋಡಿದ್ದೇನೆ. ಆಗ ನಿಮಗೆ ನಿದ್ದೆ ಬರುತ್ತಿತ್ತು, ನನ್ನ ಶಾಫ್ಟು ಒಳಗೊಳಗೇ ಸವೆಯುತ್ತಾ ಹೋಗುತ್ತಿತ್ತು.

ಸಂಪಾದಕರಿಗೂ ಒಂದು ಕೋರಿಕೆ. ವಾರಕ್ಕೊಮ್ಮೆ ಹೊಸ ಕಾರುಗಳ ಫೋಟೋ, ಮೈಲೇಜು ಹಾಕುತ್ತೀರಿ. ಆ ಪುಟದ ಒಂದು ಮೂಲೆಯಲ್ಲಿ, ಗಾಡಿ ಸದ್ದು ಮಾಡಿದರೆ ಮೆಕ್ಯಾನಿಕ್ಕಿಗೆ ಏನು ಹೇಳಬೇಕು ಅಂತಲೂ ಬರೆಸಿ. ಸದ್ದು ಬ್ರೇಕಿನಲ್ಲೋ, ಹೊರಡುವಾಗಲೋ, ತಿರುವಿನಲ್ಲೋ, ಲೋಡು ಇದ್ದಾಗಲೋ ಇಲ್ಲದಾಗಲೋ ಅಂತ ಗಮನಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರೆ ನನಗೆ 15,200 ರೂಪಾಯಿ ಉಳಿಯುತ್ತಿತ್ತು. ಬದಲಾಯಿಸಿದ ಹಳೇ ಬುಷ್ಷುಗಳನ್ನು ವಾಪಸ್ ಕೇಳಿ ತಂದಿದ್ದೆ. ಸಾಬರಿಗೆ ತೋರಿಸಿದೆ. ತಿರುಗಿಸಿ ನೋಡಿ, ಇನ್ನೂ ಒಂದು ವರ್ಷ ಬರ್ತಿದ್ವು ಅಂದರು.

ಮುಂದಿನ ಎಫ್‌ಸಿ ಜನವರಿಯಲ್ಲಿದೆ. ಪೇಂಟಿನವನಿಗೆ ಈಗಲೇ ಹೇಳಿಟ್ಟಿದ್ದೇನೆ. ಸ್ಪ್ರೇ ಹೊಡೆಯುವ ಮುಂಚೆ ನಾನು ಬರುತ್ತೇನೆ, ಒಂದೊಂದು ನಿಪ್ಪಲಿಗೂ ಟೇಪು ಸುತ್ತಿದ ಮೇಲೆಯೇ ಗನ್ ಎತ್ತಬೇಕು ಅಂತ. ಅವನು ನಕ್ಕ. ನಗಲಿ.

ಇಂತಿ ನಿಮ್ಮ ಓದುಗ,
ಎಳನೀರು ಗಾಡಿಯವನು
ಕೊಪ್ಪ ಹೋಬಳಿ, ಮದ್ದೂರು ತಾಲ್ಲೂಕು